ಅಡಿಟಿಪ್ಪಣಿಯಿಂದ ಹುಟ್ಟಿದ ಚರಿತ್ರೆ

ಈ ದ್ವೀಪಗಳ ಜನಕ್ಕೆ ಮೀನು ರುಚಿಸಬೇಕಾದರೆ ಅದು ಮೊದಲು ಕೊಳೆತು ನಾರಬೇಕು ಎಂದು ಅಂತೋನಿಯೋ ದೆ ಮೊರ್ಗಾ ಬರೆದ. ಮೊರ್ಗಾ ಮನಿಲಾದಲ್ಲಿ ಸ್ಪೇನ್ ದೊರೆಯ ಹಿರಿಯ ಅಧಿಕಾರಿಯಾಗಿ, ನ್ಯಾಯಾಧೀಶನಾಗಿ ಇದ್ದವನು. ಫಿಲಿಪ್ಪೀನ್ಸ್ ದ್ವೀಪಗಳ ವಿದ್ಯಮಾನಗಳನ್ನು ಕುರಿತ ಅವನ ಪುಸ್ತಕ 1609ರಲ್ಲಿ ಮೆಕ್ಸಿಕೋದಲ್ಲಿ ಅಚ್ಚಾಯಿತು. ಮೀನಿನ ಮಾತಿಗೆ ಉತ್ತರ ಬರಲು ಸುಮಾರು 280 ವರ್ಷ ಹಿಡಿಯಿತು. 1890ರ ಪ್ಯಾರಿಸ್ ಮುದ್ರಣದಲ್ಲಿ ಅದೇ ಮಾತಿಗೆ ಒಂದು ಅಡಿಟಿಪ್ಪಣಿ ಇದೆ. ಮೊರ್ಗಾ ಹೇಳುತ್ತಿರುವುದು ಬಗೊಓಂಗ್ ಎಂಬ, ಉಪ್ಪು ಹಾಕಿ ಹುದುಗಿಸಿದ ಮೀನನ್ನು. ಅದು ಕೊಳೆತದ್ದಲ್ಲವೆಂದು ತಿಂದವರಿಗೆಲ್ಲ ಗೊತ್ತು. ರೂಢಿಯಿಲ್ಲದ ಊಟ ಕಂಡರೆ ಹೇಸಿಕೊಳ್ಳುವುದು ಎಲ್ಲ ಜನಾಂಗಗಳಿಗೂ ಇರುವ ಚಾಳಿ, ಸ್ಪೇನಿನವರಿಗೂ ಇದೆ. ಇಷ್ಟು ಅದರ ಸಾರ. ಟಿಪ್ಪಣಿ ಬರೆದವರು ಫಿಲಿಪ್ಪೀನ್ಸ್‌ನ ಲೇಖಕ ಹೊಸೆ ರಿಸಾಲ್. ಆಗ ಅವರಿಗೆ ಇಪ್ಪತ್ತೆಂಟು ವರ್ಷ.

ಫಿಲಿಪ್ಪೀನ್ಸ್ ಜನ ತಮ್ಮ ಚರಿತ್ರೆಯನ್ನು ತಾವೇ ಬರೆದುಕೊಳ್ಳುವ ಪರಂಪರೆ ಬೇರುಬಿಟ್ಟದ್ದು ಈ ಬಗೆಯ ಟಿಪ್ಪಣಿಗಳಲ್ಲಿ ಎಂದು ನನಗೆ ಅನ್ನಿಸುತ್ತದೆ. ಅದರ ಶಕ್ತಿಯೂ ಅಲ್ಲೇ ಇದೆ, ಮುಂದೆ ಅದನ್ನು ಕಾಡಿದ ದೌರ್ಬಲ್ಯವೂ ಅಲ್ಲೇ ಇದೆ. ಎರಡನ್ನೂ ಬಿಡಿಸಿ ನೋಡುವುದು ಈ ಲೇಖನದ ಉದ್ದೇಶ.

ರಿಸಾಲ್ 1887ರಲ್ಲಿ ಬರ್ಲಿನ್‌ನಲ್ಲಿ ‘ನೋಲಿ ಮೆ ತಾಂಗೆರೆ’ ಕಾದಂಬರಿಯನ್ನು ಅಚ್ಚು ಹಾಕಿಸಿ, ತಮ್ಮ ನಾಡಿನ ಅಂದಿನ ಸ್ಥಿತಿಯನ್ನು ಚಿತ್ರಿಸಿದ್ದರು. ಅದಾದ ಮೇಲೆ ಲಂಡನ್ನಿಗೆ ಹೋಗಿ ಬ್ರಿಟಿಷ್ ಮ್ಯೂಸಿಯಂನ ಓದುಕೋಣೆಯಲ್ಲಿ ಕೂತು ಮೊರ್ಗಾನ ಪುಸ್ತಕವನ್ನು ಕೈಯಾರೆ ನಕಲು ಮಾಡಿಕೊಂಡರು. ಪಾದ್ರಿಗಳು ಬರೆದ ಚರಿತ್ರೆಗಳು ಬೇಕಾದಷ್ಟಿದ್ದವು. ಮೊರ್ಗಾನನ್ನೇ ಆರಿಸಿಕೊಂಡದ್ದಕ್ಕೆ ಕಾರಣವಿತ್ತು: ಅವನು ಪಾದ್ರಿಯಲ್ಲ. ಪವಾಡ, ದೈವೇಚ್ಛೆಗಳ ಗೊಡವೆಗೆ ಹೆಚ್ಚು ಹೋಗದೆ ಕಂಡದ್ದನ್ನು ಬರೆದಿದ್ದ. ನಾವು ಬರುವ ಮುಂಚೆ ಇಲ್ಲಿ ಕತ್ತಲೆಯಿತ್ತು, ಶಿಲುಬೆಯೊಂದಿಗೆ ಬೆಳಕು ಬಂತು ಎಂಬುದು ಸ್ಪೇನಿನವರ ಕಥೆ. ಅದನ್ನು ಅವರದೇ ಸಾಕ್ಷಿಯ ಬಾಯಿಂದ ಸುಳ್ಳಾಗಿಸುವುದು ರಿಸಾಲ್ ಹಿಡಿದ ದಾರಿ. ಹಡಗು ಕಟ್ಟುವುದು ಇವರಿಗೆ ಗೊತ್ತಿತ್ತು ಎಂದು ಮೊರ್ಗಾ ಬರೆದ ಕಡೆ ರಿಸಾಲ್ ನಿಲ್ಲುತ್ತಾರೆ. ಆ ಕಸುಬು ಈಗೆಲ್ಲಿ ಹೋಯಿತು ಎಂದು ಕೇಳುತ್ತಾರೆ. ಫಿರಂಗಿ ಎರಕ, ನೇಯ್ಗೆ, ಬೇಸಾಯ, ಅಕ್ಷರ, ಒಂದೊಂದರ ಬಳಿಯೂ ಇದೇ ಪ್ರಶ್ನೆ. ಮೇಲೆ ಆಳುವವನ ಪಠ್ಯ, ಕೆಳಗೆ ಆಳಿಸಿಕೊಂಡವನ ಪಾಟೀಸವಾಲು.

ಆ ಪುಸ್ತಕದ ಮುನ್ನುಡಿಯೂ ಗಮನಿಸಬೇಕಾದದ್ದು. ಬರೆದವರು ಬೊಹೀಮಿಯಾದ ವಿದ್ವಾಂಸ ಫರ್ಡಿನಾಂಡ್ ಬ್ಲೂಮೆಂಟ್ರಿಟ್, ರಿಸಾಲ್‌ಗೆ ಪರಮಾಪ್ತ. ಗೆಳೆಯನ ಶ್ರಮವನ್ನು ಹೊಗಳಿದ ಅವರೇ ಎರಡು ದೋಷಗಳನ್ನೂ ಹೇಳಿದರು: ಹದಿನಾರನೆಯ ಶತಮಾನದ ಜನರನ್ನು ನೀನು ಹತ್ತೊಂಬತ್ತನೆಯ ಶತಮಾನದ ಅಳತೆಗೋಲಿನಿಂದ ಅಳೆಯುತ್ತಿದ್ದೀಯೆ, ಕೆಲವು ಪಾದ್ರಿಗಳ ತಪ್ಪನ್ನು ಇಡೀ ಧರ್ಮದ ತಲೆಗೆ ಕಟ್ಟುತ್ತಿದ್ದೀಯೆ. ರಿಸಾಲ್ ಆ ಟೀಕೆಯನ್ನು ತೆಗೆದುಹಾಕಲಿಲ್ಲ, ತಮ್ಮ ಪುಸ್ತಕದ ಮೊದಲಿಗೇ ಅಚ್ಚಾಗಲು ಬಿಟ್ಟರು. ತನ್ನ ವಿಮರ್ಶೆಯನ್ನು ತನ್ನ ಹೊಸ್ತಿಲಲ್ಲೇ ಇಟ್ಟುಕೊಂಡು ಹುಟ್ಟಿದ ಪರಂಪರೆ ಇದು. ಮುಂದಿನವರು ಅದನ್ನು ಮರೆತದ್ದೇ ನನಗೆ ನೋವಿನ ಸಂಗತಿ.

ರಿಸಾಲ್ ಮತ್ತು ಅವರ ಸಂಗಡಿಗರು ಕಟ್ಟಿದ ಕಥೆಗೆ ಮೂರು ಅಂಕಗಳಿದ್ದವು. ಮೊದಲು ಬೆಳಕು, ಸ್ಪೇನ್ ಬಂದ ಮೇಲೆ ಕತ್ತಲೆ, ಮುಂದೆ ಸ್ವಾತಂತ್ರ್ಯದಲ್ಲಿ ಮತ್ತೆ ಬೆಳಕು. ಚರಿತ್ರಕಾರ ಜ್ಯೂಸ್ ಸಲಜಾರ್ ಇದನ್ನು ಚೆನ್ನಾಗಿ ಗುರುತಿಸಿದ್ದಾರೆ: ಸ್ಪೇನಿನವರದು ಎರಡು ಪಾಲಿನ ಕಥೆ, ಇದು ಮೂರು ಪಾಲಿನದು. ಸ್ಪೇನ್ ವಿರುದ್ಧ ಎದ್ದ ಕ್ರಾಂತಿಯ ನಾಯಕ ಆಂದ್ರೆಸ್ ಬೊನಿಫಾಸಿಯೋ ಆ ಕ್ರಾಂತಿಯ ವರ್ಷವಾದ 1896ರಲ್ಲಿ ಟಗಾಲೊಗ್ ಭಾಷೆಯಲ್ಲಿ ಬರೆದ ಕರೆಯಲ್ಲೂ ಇದೇ ಎರಕವಿದೆ. ಹಿಂದೆ ಸಮೃದ್ಧಿಯಿತ್ತು, ನಮ್ಮ ಹಿರಿಯರು ಸ್ಪೇನಿನ ದಂಡನಾಯಕ ಲೆಗಾಸ್ಪಿಯೊಂದಿಗೆ ರಕ್ತದ ಒಪ್ಪಂದ ಮಾಡಿಕೊಂಡರು, ಬಂದವರು ಮಾತಿಗೆ ತಪ್ಪಿದರು, ಈಗ ಏಳಬೇಕು. ಆ ರಕ್ತದ ಒಪ್ಪಂದವನ್ನು ಚಿತ್ರಕಾರ ಹ್ವಾನ್ ಲೂನಾ 1886ರಲ್ಲೇ ದೊಡ್ಡ ಚಿತ್ರವಾಗಿ ಬರೆದಿದ್ದರು. ಬೊಹೋಲ್‌ನ ನಾಯಕ ಸಿಕತುನನ ಆಕೃತಿಗೆ ರೂಪದರ್ಶಿಯಾಗಿ ಕೂತವರು ರಿಸಾಲ್. ಚರಿತ್ರೆಯನ್ನು ಬರೆಯುವವನೇ ಚರಿತ್ರೆಯ ವೇಷ ತೊಟ್ಟು ಕೂತ ಆ ಗಳಿಗೆಯಲ್ಲಿ ಈ ಪರಂಪರೆಯ ಆಸೆಯೆಲ್ಲ ಕಾಣುತ್ತದೆ.

ಈ ಕಥೆ ಅಕ್ಷರ ಬಾರದ ರೈತರ ಎದೆಗೆ ಹೇಗೆ ಇಳಿಯಿತು? ಉತ್ತರ ಕೊಟ್ಟವರು ರೆಯ್ನಾಲ್ದೋ ಇಲೆತೋ, 1979ರಲ್ಲಿ ಬಂದ ‘ಪಸ್ಯೋನ್ ಅಂಡ್ ರೆವಲ್ಯೂಷನ್’ ಪುಸ್ತಕದಲ್ಲಿ. ಪಸ್ಯೋನ್ ಎಂದರೆ ಕ್ರಿಸ್ತನ ಯಾತನೆಯ ಕಥೆಯನ್ನು ಟಗಾಲೊಗ್ ಪದ್ಯದಲ್ಲಿ ಹೇಳುವ ಕಾವ್ಯ. 1704ರ ಹೊತ್ತಿಗೆ ಗಾಸ್ಪರ್ ಅಕಿನೋ ದೆ ಬೆಲೆನ್ ಬರೆದದ್ದು ಅಚ್ಚಾಗಿತ್ತು. 1814ರ ಇನ್ನೊಂದು ಪಾಠ ಊರೂರಿಗೆ ಹಬ್ಬಿತು. ಪವಿತ್ರ ವಾರದಲ್ಲಿ ಮನೆಮಂದಿ, ಕೇರಿಯವರು ಸರದಿಯ ಮೇಲೆ ಇದನ್ನು ಹಾಡುತ್ತಾ ರಾತ್ರಿ ಕಳೆಯುತ್ತಿದ್ದರು. ಸ್ವರ್ಗದ ತೋಟ, ಪತನ, ಬಿಡುಗಡೆ. ಪಾದ್ರಿಗಳು ಜನರನ್ನು ತಗ್ಗಿ ನಡೆಸಲು ಕೊಟ್ಟ ಈ ಹಾಡಿನಲ್ಲೇ ಜನ ದಂಗೆಯ ವ್ಯಾಕರಣವನ್ನು ಕಂಡುಕೊಂಡರು ಎನ್ನುತ್ತಾರೆ ಇಲೆತೋ. ಅಪೋಲಿನಾರಿಯೋ ದೆ ಲಾ ಕ್ರೂಸ್ ಎಂಬ ಯುವಕನಿಗೆ ಸ್ಥಳೀಯನೆಂಬ ಕಾರಣಕ್ಕೆ ಸಂನ್ಯಾಸಿಗಳ ಪಂಥದಲ್ಲಿ ಜಾಗ ಸಿಗಲಿಲ್ಲ. ಅವನು ಕಟ್ಟಿದ ಭಕ್ತರ ಸಂಘವನ್ನು 1841ರಲ್ಲಿ ಸರ್ಕಾರ ರಕ್ತ ಹರಿಸಿ ಅಡಗಿಸಿತು, ಅವನನ್ನು ಕೊಂದಿತು. ಚರಿತ್ರೆ ‘ಮೂಢ ಮತಾಂಧರು’ ಎಂದು ಪಕ್ಕಕ್ಕಿಟ್ಟಿದ್ದ ಅಂಥವರ ಮಾತಿಗೆ ಇಲೆತೋ ಕಿವಿ ಕೊಟ್ಟರು.

ಇಲೆತೋ ಅವರ ಪುಸ್ತಕ ಈ ಪರಂಪರೆಯ ಅತ್ಯಂತ ಸುಂದರ ಕೃತಿಗಳಲ್ಲೊಂದು. ಅದು ಹೇಳಿಕೊಡುವ ಪಾಠ ಮಾತ್ರ ರಾಷ್ಟ್ರೀಯವಾದಿಗೆ ಕಹಿ. ಸ್ಪೇನಿಗೆ ಮುಂಚಿನ ಸ್ವರ್ಣಯುಗದ ಕಲ್ಪನೆಗೆ ಚೌಕಟ್ಟು ಕೊಟ್ಟದ್ದೇ ಸ್ಪೇನಿನ ಧರ್ಮ. ಏದೆನ್ ತೋಟವಿಲ್ಲದೆ ಆ ‘ಕಳೆದುಹೋದ ಬೆಳಕು’ ಇಲ್ಲ. ಚೌಕಟ್ಟು ಎರವಲಿನದಾದರೆ ತಪ್ಪೇನಿಲ್ಲ, ಅದು ಜನರನ್ನು ಎಬ್ಬಿಸಿತು. ಆದರೆ ಸ್ವರ್ಗದ ತೋಟವನ್ನು ಹುಡುಕಿಕೊಂಡು ಹಳೆಯ ಕಾಲಕ್ಕೆ ಹೋದವನಿಗೆ ಅಲ್ಲಿದ್ದ ನಿಜವಾದ ಹೊಲ, ಸಾಲ, ಜಗಳ ಕಾಣುವುದಿಲ್ಲ. ಆಗ ಕಾಣದ್ದನ್ನು ತಂದುಕೊಡುವ ವ್ಯಾಪಾರಿಯೂ ಹುಟ್ಟಿಕೊಳ್ಳುತ್ತಾನೆ.

ಇಲ್ಲಿ ಹುಟ್ಟಿಕೊಂಡವನ ಹೆಸರು ಹೊಸೆ ಇ. ಮಾರ್ಕೋ, ನೆಗ್ರೋಸ್ ದ್ವೀಪದವನು. ಹಳೆಯ ಹಸ್ತಪ್ರತಿಗಳೆಂದು ಹೇಳಿ ಅವನು ಕೆಲವು ಕಾಗದಗಳನ್ನು 1914ರಲ್ಲಿ ಮನಿಲಾದ ಗ್ರಂಥಾಲಯಕ್ಕೆ ಕೊಟ್ಟ. ಅದರಲ್ಲಿ 1433ರ ಒಂದು ದಂಡಸಂಹಿತೆ ಇತ್ತು: ಪನಾಯ್ ದ್ವೀಪದ ಕಲಂತಿಯಾವ್ ಎಂಬ ದೊರೆ ವಿಧಿಸಿದ ಹದಿನೆಂಟು ಕಟ್ಟಳೆಗಳು. ಗ್ರಂಥಾಲಯದ ಮುಖ್ಯಸ್ಥರಾಗಿದ್ದ ಜೇಮ್ಸ್ ರಾಬರ್ಟ್‌ಸನ್ 1917ರಲ್ಲಿ ಅದರ ಇಂಗ್ಲಿಷ್ ಅನುವಾದ ಪ್ರಕಟಿಸಿದರು. ರಾಬರ್ಟ್‌ಸನ್ ಸಾಮಾನ್ಯರಲ್ಲ, ಎಮ್ಮಾ ಬ್ಲೇರ್ ಜೊತೆ 1903ರಿಂದ 1909ರವರೆಗೆ ಫಿಲಿಪ್ಪೀನ್ಸ್‌ನ ಸ್ಪ್ಯಾನಿಷ್ ದಾಖಲೆಗಳನ್ನು 55 ಸಂಪುಟಗಳಲ್ಲಿ ಹೊರತಂದವರು. ಅವರು ಮುದ್ರೆ ಒತ್ತಿದ ಮೇಲೆ ಯಾರು ಪ್ರಶ್ನಿಸುತ್ತಾರೆ? ಕಲಂತಿಯಾವ್ ಶಾಲೆಯ ಪಠ್ಯಕ್ಕೆ ಬಂದ. ನೌಕಾಪಡೆಯ ಹಡಗಿಗೆ ಅವನ ಹೆಸರಿಟ್ಟರು. ನ್ಯಾಯಕ್ಷೇತ್ರದ ಸೇವೆಗೆ ಅವನ ಹೆಸರಿನಲ್ಲಿ ಸರ್ಕಾರಿ ಗೌರವವೂ ಸ್ಥಾಪನೆಯಾಯಿತು.

ಅಮೆರಿಕನ್ ಚರಿತ್ರಕಾರ ವಿಲಿಯಂ ಹೆನ್ರಿ ಸ್ಕಾಟ್ 1968ರಲ್ಲಿ ಮನಿಲಾದ ಸಂತೋ ತೊಮಾಸ್ ವಿಶ್ವವಿದ್ಯಾಲಯಕ್ಕೆ ಒಪ್ಪಿಸಿದ ಪ್ರಬಂಧದಲ್ಲಿ ಈ ಇಡೀ ಕಟ್ಟಡವನ್ನು ಉರುಳಿಸಿದರು. ಮಾರ್ಕೋ ಆ ಕಾಗದ ಕೊಡುವ ಮುಂಚೆ ಕಲಂತಿಯಾವ್ ಎಂಬ ಹೆಸರು ಯಾವ ದಾಖಲೆಯಲ್ಲೂ ಇಲ್ಲ ಎಂದು ಒಂದೊಂದೇ ಆಕರವನ್ನು ತೂಗಿ ತೋರಿಸಿದರು. ಪರೀಕ್ಷಕರ ಸಾಲಿನಲ್ಲಿ ತಿಯೊಡೊರೊ ಅಗೊನ್ಸಿಯೋ, ಗ್ರೆಗೊರಿಯೊ ಜಾಯ್ದೆ ಅಂಥ ಘಟಾನುಘಟಿಗಳೇ ಇದ್ದರು. ಆದರೂ ಸುಳ್ಳು ಪಠ್ಯಗಳಿಂದ, ಗೌರವಗಳಿಂದ ಇಳಿದುಹೋಗಲು ದಶಕಗಳೇ ಬೇಕಾದವು.

ಇಷ್ಟು ಓದಿದ ಜನ ಯಾಕೆ ನಂಬಿದರು ಎಂಬುದು ನನ್ನನ್ನು ಬಹಳ ದಿನ ಕಾಡಿದ ಪ್ರಶ್ನೆ. ರಿಸಾಲ್ ಕಾಲದಲ್ಲೇ ಪೆದ್ರೋ ಪತೆರ್ನೋ 1887ರಲ್ಲಿ ಪುರಾತನ ಟಗಾಲೊಗ್ ನಾಗರಿಕತೆಯ ಬಗ್ಗೆ ಪುಸ್ತಕ ಬರೆದು, ಕ್ರೈಸ್ತಧರ್ಮದ ತಿರುಳೆಲ್ಲ ಇಲ್ಲಿ ಮೊದಲೇ ಇತ್ತು ಎನ್ನುವವರೆಗೂ ಹೋಗಿದ್ದರು. ರಿಸಾಲ್ ಅದನ್ನು ಗಂಭೀರವಾಗಿ ತೆಗೆದುಕೊಳ್ಳಬೇಡಿ ಎಂದು ಬ್ಲೂಮೆಂಟ್ರಿಟ್‌ಗೆ ಬರೆದರು. ಆದರೂ ಪತೆರ್ನೋ ಅವರ ಆಸೆಯೇ ಗೆದ್ದಿತು. ಗೌರವ ಬೇಕಾದರೆ ಅರಸ ಬೇಕು, ಅರಸನ ಕೈಯಲ್ಲಿ ಬರೆದ ಕಾನೂನು ಬೇಕು ಎಂಬ ಅಳತೆ ಯುರೋಪಿನದು. ಆ ಅಳತೆಯನ್ನು ಒಪ್ಪಿಕೊಂಡ ಮೇಲೆ ಅದಕ್ಕೆ ತಕ್ಕ ಕಾಗದ ಎಲ್ಲಿಂದಲಾದರೂ ಬರಲೇಬೇಕು. ವಸಾಹತುಶಾಹಿ ಮಾಡಿದ ಗಾಯಗಳಲ್ಲಿ ಇದು ಆಳವಾದದ್ದು: ತನ್ನನ್ನು ಅಲ್ಲಗಳೆಯುವವರ ಕೈಗೂ ತನ್ನದೇ ತಕ್ಕಡಿ ಕೊಟ್ಟುಹೋಯಿತು.

ಇದನ್ನು ಅಧಿಕಾರ ಹೇಗೆ ಬಳಸಿಕೊಂಡಿತು ಎಂಬುದಕ್ಕೆ ‘ಮಹರ್ಲಿಕ’ ಎಂಬ ಒಂದೇ ಪದ ಸಾಕು. ಸಂಸ್ಕೃತದ ‘ಮಹರ್ಧಿಕ’ದಿಂದ ಬಂದ ಪದವದು. ಫ್ರಾನ್ಸಿಸ್ಕನ್ ಪಾದ್ರಿ ಹ್ವಾನ್ ದೆ ಪ್ಲಸೆನ್ಸಿಯಾ 1589ರಲ್ಲಿ ಟಗಾಲೊಗರ ಕಟ್ಟುಕಟ್ಟಳೆಗಳ ಬಗ್ಗೆ ಬರೆದಾಗ, ಮಹರ್ಲಿಕ ಎಂದರೆ ದಾತು ಎಂಬ ನಾಯಕನ ಜೊತೆ ಯುದ್ಧಕ್ಕೆ ಹೋಗಬೇಕಾದ ಸ್ವತಂತ್ರ ವರ್ಗ, ರಾಜವಂಶವಲ್ಲ. ಫರ್ಡಿನಾಂಡ್ ಮಾರ್ಕೋಸ್ ಅದನ್ನು ರಾಜಯೋಗ್ಯವೆಂಬ ಅರ್ಥಕ್ಕೆ ಏರಿಸಿದರು. 1978ರಲ್ಲಿ ದೇಶದ ಹೆಸರನ್ನೇ ಮಹರ್ಲಿಕ ಎಂದು ಬದಲಿಸುವ ಮಸೂದೆಯೂ ಬಂತು. ಸೇನಾ ಆಡಳಿತದ ದಿನಗಳಲ್ಲಿ, 1976ರಿಂದ, ‘ತಧಾನ’ ಎಂಬ ಬಹುಸಂಪುಟ ಚರಿತ್ರೆ ಮಾರ್ಕೋಸ್ ಹೆಸರಿನಲ್ಲಿ ಹೊರಬಂತು. ಬರೆದುಕೊಟ್ಟವರು ವೃತ್ತಿ ಚರಿತ್ರಕಾರರು. ಸ್ವರ್ಣಯುಗದ ಕಥೆ ಸರ್ವಾಧಿಕಾರಿಗೆ ಎಷ್ಟು ಸಲೀಸಾಗಿ ಒಗ್ಗುತ್ತದೆ ನೋಡಿ. ಅದೇ ಆಡಳಿತ 1972ರಲ್ಲಿ ಸ್ಕಾಟ್ ಅವರನ್ನು ಬಂಧಿಸಿ ಗಡೀಪಾರು ಮಾಡಲು ಹೊರಟಿತ್ತು. ಮರುವರ್ಷ ಅವರು ನಿರ್ದೋಷಿಯಾಗಿ ಹೊರಬಂದರು.

ಹಾಗಾದರೆ ಸ್ಪೇನಿಗೆ ಮುಂಚಿನ ಕಾಲದ ಬಗ್ಗೆ ಗೊತ್ತಾಗುವುದು ಏನೂ ಇಲ್ಲವೇ? 1872ಕ್ಕೆ ಹಿಂದಿನದು ಕಳೆದುಹೋದ ಚರಿತ್ರೆ, ಉಳಿದಿರುವುದು ಸ್ಪೇನಿನವರ ಚರಿತ್ರೆ ಎಂದು ಅಗೊನ್ಸಿಯೋ ಕೈಚೆಲ್ಲಿದ್ದರು. ಸ್ಕಾಟ್ ಒಪ್ಪಲಿಲ್ಲ. ಸ್ಪ್ಯಾನಿಷ್ ದಾಖಲೆಗಳು ಚರ್ಮದ ಹಾಳೆಯ ಪರದೆಯಂತೆ ನಿಜ, ಆದರೆ ಪರದೆಯಲ್ಲಿ ಬಿರುಕುಗಳಿವೆ, ಅಲ್ಲಿಂದ ಇಣುಕಿ ನೋಡಬಹುದು ಎಂದರು. 1982ರ ಅವರ ಪ್ರಬಂಧ ಸಂಕಲನದ ಹೆಸರೇ ಆ ಬಿರುಕುಗಳನ್ನು ಕುರಿತದ್ದು. ಅವರಿಗೆ ಸಿಕ್ಕ ಅತಿ ದೊಡ್ಡ ಬಿರುಕು ಪಾದ್ರಿಗಳ ನಿಘಂಟುಗಳು. ಪೆದ್ರೋ ದೆ ಸಾನ್ ಬ್ವೆನವೆಂತುರ 1613ರಲ್ಲಿ ಅಚ್ಚು ಹಾಕಿಸಿದ ಟಗಾಲೊಗ್ ನಿಘಂಟು, ಮಾತೆಯೋ ಸಾಂಚೆಸ್ 1617ರ ಸುಮಾರಿಗೆ ಬರೆದಿಟ್ಟ ವಿಸಾಯನ್ ನಿಘಂಟು. ಪಾಪನಿವೇದನೆ ಕೇಳಿಸಿಕೊಳ್ಳಲು, ಉಪದೇಶ ಮಾಡಲು ಪಾದ್ರಿಗಳಿಗೆ ಮಾತು ಬೇಕಿತ್ತು. ಮಾತು ಹುಡುಕುತ್ತಾ ಹೋದವರು ಅಕ್ಕಿಯ ಬಗೆಗಳು, ದೋಣಿಯ ಅಂಗಾಂಗಗಳು, ಹಲ್ಲಿಗೆ ಚಿನ್ನದ ಮೊಳೆ ಕೂರಿಸುವ ಕೆಲಸ, ಮೈಮೇಲಿನ ಹಚ್ಚೆ, ಸಾಲದ ಕರಾರುಗಳು ಎಲ್ಲಕ್ಕೂ ಪದ ಬರೆದುಕೊಂಡರು. ಉಪದೇಶದಲ್ಲಿ ಖಂಡಿಸಿದ್ದನ್ನೆಲ್ಲ ನಿಘಂಟಿನಲ್ಲಿ ಜೋಪಾನ ಮಾಡಿದರು.

ದೋಣಿಯದೇ ಉದಾಹರಣೆ ನೋಡಿ. ಜೆಸುಯಿಟ್ ಪಾದ್ರಿ ಫ್ರಾನ್ಸಿಸ್ಕೋ ಅಲ್ಸಿನಾ 1668ರಲ್ಲಿ ವಿಸಾಯನ್ನರ ದೋಣಿ ಕಟ್ಟುವ ಬಗೆ ಬರೆದಿಟ್ಟ: ಹಲಗೆಗಳನ್ನು ಮರದ ಮೊಳೆಗಳಿಂದ ಒಂದಕ್ಕೊಂದು ಕೂಡಿಸಿ, ಹಲಗೆಯಲ್ಲೇ ಕಡೆದು ಉಳಿಸಿದ ಗುಬ್ಬಗಳಿಗೆ ತೂತು ಕೊರೆದು, ಒಳಗಿನ ಅಡ್ಡಪಟ್ಟಿಗಳಿಗೆ ಹುರಿಯಿಂದ ಬಿಗಿಯುವುದು. 1976ರಿಂದ ಮಿಂದನಾವೋದ ಬುತ್ವಾನ್‌ನಲ್ಲಿ ಕೆಸರಿನಡಿಯಿಂದ ಹಳೆಯ ದೋಣಿಗಳನ್ನು ಅಗೆದು ತೆಗೆದಾಗ ಅವು ಇದೇ ರೀತಿಯಲ್ಲಿದ್ದವು. ದೋಣಿಗೆ ‘ಬಲಂಗಾಯ್’ ಎಂಬ ಹೆಸರಿತ್ತು. ಒಬ್ಬ ನಾಯಕನ ಕೈಕೆಳಗಿನ ಮನೆಗಳ ಗುಂಪಿಗೂ ಅದೇ ಹೆಸರು, ‘ಬರಂಗಾಯ್’. ಅರಮನೆಯಿಲ್ಲದ, ಸಾಮ್ರಾಜ್ಯವಿಲ್ಲದ ಜನ ಕಬ್ಬಿಣದ ಮೊಳೆಯಿಲ್ಲದ ದೋಣಿಯಲ್ಲಿ ಕಡಲು ದಾಟುತ್ತಿದ್ದರು. ಕಲಂತಿಯಾವ್‌ನ ಹದಿನೆಂಟು ಕಟ್ಟಳೆಗಳಿಗಿಂತ ಇದು ನೂರು ಪಾಲು ದೊಡ್ಡ ಸಂಗತಿ ಎಂಬುದು ನನ್ನ ದೃಢವಾದ ಅಭಿಪ್ರಾಯ.

ಕಾಗದ ಹುಡುಕಿದವರಿಗೆ ನೆಲ ಕೊನೆಗೆ ತಾನಾಗಿ ಒಂದು ತಾಮ್ರಪಟ ಕೊಟ್ಟಿತು. ಲಗೂನಾ ಪ್ರಾಂತ್ಯದ ಲುಂಬಾನ್ ಬಳಿ ನದಿಯಲ್ಲಿ ಮರಳು ತೆಗೆಯುವಾಗ ಸಿಕ್ಕ ಅದು 1990ರಲ್ಲಿ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಬಂತು. ಡಚ್ ವಿದ್ವಾಂಸ ಆಂತೂನ್ ಪೊಸ್ತ್ಮಾ ಅದನ್ನು ಓದಿದರು. ಕವಿ ಎಂಬ ಜಾವಾ ಮೂಲದ ಲಿಪಿ, ಹಳೆಯ ಮಲಯ ಭಾಷೆ, ನಡುವೆ ಸಂಸ್ಕೃತ ಪದಗಳು. ಶಾಸನ ಓದಿ ರೂಢಿಯಿರುವ ಕನ್ನಡಿಗರಿಗೆ ಅದರ ಆರಂಭ ನೆರೆಮನೆಯ ಮಾತಿನಂತೆ ಕೇಳಿಸುತ್ತದೆ: ಸ್ವಸ್ತಿ, ಶಕ ವರ್ಷ 822, ವೈಶಾಖ ಮಾಸ, ಕೃಷ್ಣಪಕ್ಷದ ಚೌತಿ, ಸೋಮವಾರ. ಲೆಕ್ಕ ಹಾಕಿದರೆ ಕ್ರಿ.ಶ. 900ರ ಏಪ್ರಿಲ್ 21. ರಾಷ್ಟ್ರಕೂಟರ ಕಾಲದ ಕಲ್ಲುಗಳ ಮೇಲೆ ನಾವು ಕಾಣುವ ಪಂಚಾಂಗವೇ ಮನಿಲಾ ಕೊಲ್ಲಿಯ ಆಚೀಚೆಯೂ ಚಲಾವಣೆಯಲ್ಲಿತ್ತು.

ಆದರೆ ತಿಥಿವಾರ ಮುಗಿದ ಮೇಲೆ ಆ ತಗಡು ಹೇಳುವುದು ಅರಸನ ಪ್ರಶಸ್ತಿಯನ್ನಲ್ಲ. ನಮ್ವರಾನ್ ಎಂಬವನ ಮೇಲಿದ್ದ ಒಂದು ಕಾಟಿ ಎಂಟು ಸುವರ್ಣದಷ್ಟು ಚಿನ್ನದ ಸಾಲ ತೀರಿದೆ, ಅವನ ಮಕ್ಕಳು ಮೊಮ್ಮಕ್ಕಳಿಗೂ ಋಣವಿಲ್ಲ ಎಂಬ ಋಣಮುಕ್ತಿ ಪತ್ರ ಅದು. ಸಾಲ ತೀರದಿದ್ದರೆ ಏನಾಗುತ್ತಿತ್ತು? ಏಳು ಶತಮಾನಗಳಷ್ಟು ಆಚೆಗೆ ಪ್ಲಸೆನ್ಸಿಯಾ ಕೊಡುವ ವಿವರದಲ್ಲಿ ಉತ್ತರದ ಸುಳಿವಿದೆ: ‘ಅಲಿಪಿನ್’ ಎಂಬ ಋಣಾಳುಗಳ ವರ್ಗ. ಸ್ವಂತ ಮನೆಯಿದ್ದು ಬೆಳೆಯಲ್ಲಿ ಪಾಲು ಕೊಡುವ ಅಲಿಪಿನ್ ಒಬ್ಬ, ಒಡೆಯನ ಮನೆಯ ಅಂಚಿನಲ್ಲಿ ಬದುಕುವ, ಮಾರಿಹೋಗಬಹುದಾದ ಅಲಿಪಿನ್ ಇನ್ನೊಬ್ಬ. ಅಪ್ಪ ಸ್ವತಂತ್ರ, ಅವ್ವ ಅಲಿಪಿನ್ ಆದರೆ ಮಕ್ಕಳನ್ನು ಇಬ್ಬದಿಗೂ ಹಂಚುತ್ತಿದ್ದರು. ಅರ್ಧ ದಾಸ ಎಂಬ ಸ್ಥಿತಿಯೂ ಇತ್ತು. ಬೆಳಕು–ಕತ್ತಲೆ–ಬೆಳಕಿನ ಕಥೆ ಹೇಳುವವರು ಈ ಪುಟವನ್ನು ಬೇಗ ಮಗುಚುತ್ತಾರೆ. ಆ ಮಕ್ಕಳ ಪಾಲಿಗೆ ಮೊದಲ ಅಂಕವೂ ಪೂರ್ತಿ ಬೆಳಕಾಗಿರಲಿಲ್ಲ.

ಟಗಾಲೊಗರ ಹಳೆಯ ಬಾಯ್‌ಬಾಯಿನ್ ಲಿಪಿಯ ಕಥೆಯಲ್ಲೂ ಇಂಥದೇ ತೊಡಕಿದೆ. ಹದಿನಾಲ್ಕು ವ್ಯಂಜನ, ಮೂರು ಸ್ವರ. ವ್ಯಂಜನದೊಳಗೆ ‘ಅ’ಕಾರ ಅಡಗಿರುತ್ತದೆ. ಮೇಲೊಂದು ಗುರುತಿಟ್ಟರೆ ಇ ಅಥವಾ ಎ, ಕೆಳಗಿಟ್ಟರೆ ಉ ಅಥವಾ ಒ. ನಮ್ಮ ಕಾಗುಣಿತದ ದೂರದ ತಂಗಿ. ಎರಡೂ ಬ್ರಾಹ್ಮಿಯ ಸಂತತಿ. ಆದರೆ ಬರಿಯ ‘ಕ್’ ಬರೆಯಲು ಅಲ್ಲಿ ದಾರಿಯಿರಲಿಲ್ಲ. 1621ರ ಸುಮಾರಿಗೆ ಫ್ರಾನ್ಸಿಸ್ಕೋ ಲೊಪೆಸ್ ಎಂಬ ಪಾದ್ರಿ ಅರ್ಧಾಕ್ಷರಕ್ಕೆ ಶಿಲುಬೆಯಾಕಾರದ ಗುರುತು ಕಟ್ಟಿಕೊಟ್ಟ. ಜನ ಅದನ್ನು ಎತ್ತಿಕೊಳ್ಳಲಿಲ್ಲ. ಪಾದ್ರಿಗಳು ಎಲ್ಲವನ್ನೂ ಸುಟ್ಟು ಲಿಪಿಯನ್ನು ಕೊಂದರು ಎಂಬುದು ಪ್ರಚಲಿತ ನಂಬಿಕೆ. ಅವರು ವಿಗ್ರಹಗಳನ್ನು ಸುಟ್ಟದ್ದು, ಬಬಾಯ್ಲಾನ್ ಎಂಬ ಪೂಜಾರಿಣಿಯರನ್ನು ಬೇಟೆಯಾಡಿದ್ದು ನಿಜ. ಆದರೆ 1593ರಲ್ಲಿ ಮನಿಲಾದಲ್ಲಿ ಅಚ್ಚಾದ ‘ದೊಕ್ತ್ರೀನಾ ಕ್ರಿಸ್ತಿಯಾನಾ’ದಲ್ಲಿ ಟಗಾಲೊಗ್ ಪಾಠವನ್ನು ಬಾಯ್‌ಬಾಯಿನ್‌ನಲ್ಲೂ ಹಾಕಿಸಿದವರು ಅವರೇ. 1613 ಮತ್ತು 1625ರ ಎರಡು ಜಮೀನು ಪತ್ರಗಳು ಆ ಲಿಪಿಯಲ್ಲಿ ಸಂತೋ ತೊಮಾಸ್ ವಿಶ್ವವಿದ್ಯಾಲಯದಲ್ಲಿ ಉಳಿದಿವೆ. ಕಚೇರಿ, ಚರ್ಚು, ಪತ್ರವ್ಯವಹಾರ ಎಲ್ಲ ರೋಮನ್ ಅಕ್ಷರಕ್ಕೆ ಹೊರಳಿದ ಮೇಲೆ ಹಳೆಯದಕ್ಕೆ ಕೆಲಸವಿಲ್ಲವಾಯಿತು. ಲಿಪಿ ಸಾಯಲು ಬೆಂಕಿಯೇ ಬೇಕಿಲ್ಲ.

ಇತ್ತೀಚಿನ ಎರಡು ಕವಲುಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ವಿಸೆಂತೆ ರಫಾಯೆಲ್ 1988ರ ಪುಸ್ತಕದಲ್ಲಿ, ಪಾದ್ರಿಯ ಉಪದೇಶ ಕೇಳುತ್ತಿದ್ದ ಟಗಾಲೊಗರು ಅದರಲ್ಲಿ ತಮಗೆ ಬೇಕಾದ ಪದಗಳನ್ನಷ್ಟೇ ಹೆಕ್ಕಿ ತಮ್ಮದೇ ಅರ್ಥ ಕಟ್ಟಿಕೊಳ್ಳುತ್ತಿದ್ದರೆಂದು ತೋರಿಸಿದರು. ಪಾಪನಿವೇದನೆಗೆ ಹೋದವರು ನೆರೆಯವರ ಪಾಪ ಹೇಳಿ ಬರುತ್ತಿದ್ದರಂತೆ. ಮತಾಂತರವೆಂದರೆ ಶರಣಾಗತಿ ಎಂಬ ಸರಳ ಲೆಕ್ಕವನ್ನು ಈ ಪುಸ್ತಕ ಮುರಿದದ್ದು ದೊಡ್ಡ ಕೊಡುಗೆ. ಆದರೆ ಅದರಲ್ಲಿ ಮಾತಾಡುವವರು ಹೆಚ್ಚಾಗಿ ಪಾದ್ರಿಗಳೇ. 1610ರಲ್ಲಿ ತನ್ನವರಿಗೆ ಸ್ಪ್ಯಾನಿಷ್ ಕಲಿಸಲು ಪುಸ್ತಕ ಬರೆದ ಮುದ್ರಕ ತೊಮಾಸ್ ಪಿನ್‌ಪಿನ್ ಒಬ್ಬನೇ ಒಬ್ಬ ಎದುರಿಗೆ ನಿಲ್ಲುತ್ತಾನೆ.

ಸಲಜಾರ್ ಅವರ ‘ಪಂತಾಯೊಂಗ್ ಪನನಾವ್’ ಇನ್ನೊಂದು ಕವಲು. ಟಗಾಲೊಗ್‌ನಲ್ಲಿ ‘ನಾವು’ ಎನ್ನಲು ಎರಡು ಪದಗಳಿವೆ: ಕೇಳುಗನನ್ನು ಒಳಗೊಂಡ ‘ತಾಯೋ’, ಹೊರಗಿಟ್ಟ ‘ಕಮಿ’. ತುಳು ಬಲ್ಲವರಿಗೆ ‘ನಮ’ ಮತ್ತು ‘ಎಂಕುಲು’ ಎಂದರೆ ಸಾಕು. ರಿಸಾಲ್ ಬರೆದದ್ದು ಸ್ಪ್ಯಾನಿಷ್‌ನಲ್ಲಿ, ಹೊರಗಿನವನಿಗೆ ಉತ್ತರವಾಗಿ, ‘ಕಮಿ’ ಎಂಬ ದನಿಯಲ್ಲಿ. ಇನ್ನು ಮುಂದೆ ‘ತಾಯೋ’ ದನಿಯಲ್ಲಿ, ನಮ್ಮವರಿಗೆ ನಮ್ಮ ಭಾಷೆಯಲ್ಲಿ ಬರೆಯೋಣ ಎಂದರು ಸಲಜಾರ್. ಮಾತು ಸರಿ. ಆದರೆ ಈ ‘ತಾಯೋ’ ಒಳಗೆ ಯಾರಿದ್ದಾರೆ? ಸುಲು, ಮಗಿಂದನಾವೋದ ಮುಸ್ಲಿಂ ಸುಲ್ತಾನರ ಪ್ರಜೆಗಳಿಗೆ ಬೇರೆಯೇ ಚರಿತ್ರೆಯಿದೆ. ಲುಜಾನ್‌ನ ಬೆಟ್ಟಸಾಲಿನ ಇಗೊರೊತ್ ಜನರನ್ನು ಸ್ಪೇನ್ ಮುನ್ನೂರು ವರ್ಷ ಪ್ರಯತ್ನಿಸಿಯೂ ಪೂರ್ತಿ ಆಳಲಾಗಲಿಲ್ಲ. ಅವರಿಗೆ ಪತನವೇ ಆಗಲಿಲ್ಲವಾದ್ದರಿಂದ ಮೂರು ಅಂಕಗಳ ನಾಟಕದಲ್ಲಿ ಅವರಿಗೆ ಪಾತ್ರವಿಲ್ಲ. ವಿಗಾನ್‌ನ ಇಸಾಬೆಲೋ ದೆ ಲೋಸ್ ರೇಯೆಸ್ ಈ ತಪ್ಪನ್ನು ಆರಂಭದಲ್ಲೇ ಮಾಡಲಿಲ್ಲ. ಜಾನಪದ ಸಂಗ್ರಹಿಸಿ 1889ರಲ್ಲಿ ಮನಿಲಾದಲ್ಲಿ ಪ್ರಕಟಿಸಿದ ಅವರು ಐತ, ಇಗೊರೊತ್, ತಿಂಗ್ವಿಯಾನ್ ಜನರ ಸೋದರನೆಂದು ತಮ್ಮನ್ನು ಕರೆದುಕೊಂಡರು. ಯುರೋಪಿನಲ್ಲಿದ್ದ ಸುಶಿಕ್ಷಿತ ಗೆಳೆಯರ ಬಳಗದಲ್ಲಿ ಆ ಮಾತಿಗೆ ಸಿಗಬೇಕಾದ ಮನ್ನಣೆ ಸಿಗಲಿಲ್ಲ. ರಿಸಾಲ್ ಹಾಕಿದ ಹೆದ್ದಾರಿಗಿಂತ ಇಸಾಬೆಲೋ ತುಳಿದ ಕಾಲುದಾರಿಯೇ ಹೆಚ್ಚು ದೂರ ಹೋಗುತ್ತದೆ ಎಂಬುದು ನನ್ನ ತೀರ್ಪು. ಇಗೊರೊತ್ ಊರಾದ ಸಗಾದಾದಲ್ಲಿ ಬಾಳಿದ ಸ್ಕಾಟ್ ನಡೆದದ್ದೂ ಅದೇ ದಾರಿಯಲ್ಲಿ. ಅವರು 1993ರಲ್ಲಿ ತೀರಿಕೊಂಡರು. ‘ಬರಂಗಾಯ್’ ಎಂಬ ಅವರ ಮೇರುಕೃತಿ ಮರುವರ್ಷ ಬಂತು.

ತಾಮ್ರಪಟವನ್ನು ಓದಿದ ಪೊಸ್ತ್ಮಾ ಕೂಡ ಮನಿಲಾದ ವಿದ್ವಾಂಸರಲ್ಲ. ಮಿಂದೋರೋ ದ್ವೀಪದ ಗುಡ್ಡಗಳಲ್ಲಿ ಮಂಗ್ಯಾನ್ ಜನರ ನಡುವೆ ಬದುಕಿ, ಅವರ ‘ಅಂಬಹಾನ್’ ಪದ್ಯಗಳನ್ನು ಸಂಗ್ರಹಿಸಿದವರು. ಮಂಗ್ಯಾನರಲ್ಲಿ ಹನುನೂ ಪಂಗಡದವರು ಆ ಪದ್ಯಗಳನ್ನು ಚೂರಿಯ ಮೊನೆಯಿಂದ ಬಿದಿರಿನ ಮೇಲೆ ಕೊರೆಯುತ್ತಾರೆ. ಕೊರೆಯುವುದು ಬಾಯ್‌ಬಾಯಿನ್‌ನ ಒಡಹುಟ್ಟಿದ ಲಿಪಿಯಲ್ಲಿ. ಯುನೆಸ್ಕೋ 1999ರಲ್ಲಿ ಅದನ್ನೂ ಅದರ ಜೊತೆಗಾರ ಲಿಪಿಗಳನ್ನೂ ವಿಶ್ವಸ್ಮೃತಿ ಪಟ್ಟಿಗೆ ಸೇರಿಸಿತು.